ಸಹನಾಗೆ ಇಪ್ಪತ್ತೊಂದು ತುಂಬುವ ಮೊದಲು

ಮೊನ್ನೆ ಯಾವುದೋ ಸಣ್ಣ ಚುನಾವಣೆಗೆ ಓಟು ಹಾಕಲು ಕ್ಯಾಲಿಫೋರ್ನಿಯಾದ ನಮ್ಮ ಯೂನಿಯನ್ ಸಿಟಿಯ ಲೈಬ್ರರಿ ಎದುರಿಗಿಟ್ಟ ಪೆಟ್ಟಿಗೆಯ ಹತ್ತಿರ ಹೋಗಿದ್ದೆ. ಹಿಂದಿನ ದಿನ ಈ ಸಲದ ಮೊದಲ ಮಳೆ ನಾಲ್ಕು ಹನಿ ಬಿದ್ದಿತ್ತು. ಪಾರ್ಕಿಂಗ್ ಪಕ್ಕದ ನೀಲಗಿರಿ ಮರಗಳಿಂದ ನೆಗಡಿಗೆ ಹಚ್ಚುವ ಎಣ್ಣೆಯ ವಾಸನೆ ಬರುತ್ತಿತ್ತು. ಓಟಿನ ಲಕೋಟೆಯನ್ನು ಪೆಟ್ಟಿಗೆಯ ಬಾಯಿಗೆ ಹಿಡಿದವಳು ಹಾಗೇ ನಿಂತುಬಿಟ್ಟೆ. ಹಿಂದಿದ್ದ ಯಾರೋ ಹುಡುಗಿ, "ಆರ್ ಯು ಓಕೆ?" ಎಂದಳು. ಓಕೆ ಎಂದೆ. ಲಕೋಟೆ ಒಳಗೆ ಬಿಟ್ಟು, ಕಾರಿನಲ್ಲಿ ಕೂತು ಸ್ವಲ್ಪ ಹೊತ್ತು ಅತ್ತೆ. ಆ ವರ್ಷವೂ ಇದೇ ಪೆಟ್ಟಿಗೆ, ಇದೇ ವಾಸನೆ. ಪಕ್ಕದಲ್ಲಿ ಶೈಲಾ ಇದ್ದಳು.

ಆ ವರ್ಷ ಎಂದರೆ ಅಧ್ಯಕ್ಷರ ಚುನಾವಣೆಯ ವರ್ಷ. ನವರಾತ್ರಿಯಿಂದ ದೀಪಾವಳಿಯವರೆಗಿನ ಆ ಕೆಲವು ವಾರಗಳ ವಿಷಯವನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಅಭ್ಯರ್ಥಿಗಳ ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ಇಲ್ಲಿಗೇ ಪುಟ ಮಡಚುತ್ತಾರೆ.

ನಾನು ಉಡುಪಿ ಕಡೆಯವಳು. ಈ ಊರಿನ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತೆರಡು ವರ್ಷ ಕಳೆದಿದ್ದೇನೆ. ಕೆಲಸಕ್ಕೆ ಹೋದವಳಲ್ಲ. ಅಡುಗೆ, ದೇವರು, ಏಕಾದಶಿ, ಮತ್ತೆ ಅಡುಗೆ. ನಮಗೆ ಮಕ್ಕಳಿಲ್ಲ. ಬೇಡಿ ಬೇಡಿ ಸಾಕಾಗಿ ನಾನು ಕೇಳುವುದನ್ನು ಬಿಟ್ಟ ಮೇಲೆ, ಕೃಷ್ಣ ಎದುರು ಬಾಗಿಲಿಗೆ ಒಂದು ಮಗುವನ್ನು ಕಳಿಸಿದ. ಧಾರವಾಡದಿಂದ ಬಂದ ಶೈಲಾಳ ಮಗಳು ಸಹನಾ. ಬಂದಾಗ ನಾಲ್ಕು ವರ್ಷ, ಎರಡು ಜುಟ್ಟು. ಡೇಕೇರಿನಿಂದ ನಮ್ಮ ಮನೆಗೇ ಬರುತ್ತಿದ್ದಳು. ನನ್ನ ತೊಡೆಯ ಮೇಲೆ ಕೂತು ನೀರುದೋಸೆ ತಿಂದು ಬೆಳೆದಳು. ನಾನು ಕನ್ನಡದಲ್ಲಿ ಹೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು. ಆದರೆ ಒಂದು ಮಾತೂ ಅವಳಿಗೆ ಅರ್ಥವಾಗದೆ ಹೋಗುತ್ತಿರಲಿಲ್ಲ. ಆ ವರ್ಷ ಅವಳು ಬರ್ಕ್ಲಿಯಲ್ಲಿ ಮೂರನೆಯ ವರ್ಷ ಓದುತ್ತಿದ್ದಳು. ಓದು ಮುಗಿಸಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಯಾವುದಾದರೂ ಲ್ಯಾಬಿನಲ್ಲಿ ಔಷಧಿ ಕಂಡುಹಿಡಿಯುವ ಕೆಲಸ ಮಾಡಬೇಕು ಎನ್ನುವುದು ಅವಳ ಆಸೆ. "ಫಸ್ಟ್ ನಿಮ್ಮ ಮೊಣಕಾಲು, ಆಂಟಿ," ಎನ್ನುತ್ತಿದ್ದಳು. ಅವಳ ಕನ್ನಡ ಅಷ್ಟೇ.

ನಮಗೆ ಈ ದೇಶದ ಪೌರತ್ವ ಸಿಕ್ಕಿ ವರ್ಷಗಳಾಗಿದ್ದವು. ಶೈಲಾಳ ಮನೆಯವರು ಮಾತ್ರ ಇನ್ನೂ ಗ್ರೀನ್ ಕಾರ್ಡಿನ ಸಾಲಿನಲ್ಲೇ ನಿಂತಿದ್ದರು. ಅವಳ ಗಂಡ ಕೆಲಸದ ವೀಸಾದ ಮೇಲೆ ಬಂದವರು, ಹೆಂಡತಿ ಮಗಳು ಆ ವೀಸಾದ ಬೆನ್ನಿಗೆ ಅಂಟಿಕೊಂಡವರು. ಸಾಲು ಮುಂದೆ ಹೋಗಲೇ ಇಲ್ಲ, ಮಗು ಬೆಳೆಯುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತೊಂದು ತುಂಬಿದ ದಿನ ಮಗಳು ಅಪ್ಪನ ವೀಸಾದಿಂದ ಕಳಚಿಕೊಳ್ಳುತ್ತಾಳೆ. ಆಮೇಲೆ ಅವಳಿಗೆ ಇಲ್ಲಿರಲು ಬೇರೆ ವೀಸಾ ಬೇಕು, ಇಲ್ಲದಿದ್ದರೆ ಹೊರಡಬೇಕು. ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಹಾಕಿ ತಿಂಗಳುಗಳಾಗಿದ್ದವು. ಉತ್ತರ ಬಂದಿರಲಿಲ್ಲ. ಸಂಕ್ರಾಂತಿ ಕಳೆದ ವಾರವೇ ಅವಳಿಗೆ ಇಪ್ಪತ್ತೊಂದು.

ನವರಾತ್ರಿಯಲ್ಲಿ ಓಟಿನ ಲಕೋಟೆ ಟಪಾಲಿನಲ್ಲಿ ಬಂತು. ಇಲ್ಲಿ ಓಟಿನ ಚೀಟಿ ಮನೆಗೇ ಬರುತ್ತದೆ, ಗುರುತು ಹಾಕಿ ಅದೇ ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಿದರಾಯಿತು. ಶಾರದಾ ಪೂಜೆಗೆ ಪುಸ್ತಕಗಳ ಮೇಲೆ ಅದನ್ನೂ ಇಟ್ಟು ಕುಂಕುಮ ಹಚ್ಚಿದೆ. ಆವತ್ತು ಅರಿಸಿನ ಕುಂಕುಮಕ್ಕೆ ಬಂದ ಶೈಲಾ ಅದನ್ನು ನೋಡಿದಳು. ಆಮೇಲೆ ನಗುತ್ತಲೇ ಹೇಳಿದಳು, "ವಸಂತಕ್ಕಾ, ನಂದೂ ಒಂದು ಓಟು ಅದರಾಗ ಸೇರಿಸಿ ಹಾಕಿಬಿಡ್ರಿ. ನಮ್ಮಾಕಿ ಸಲುವಾಗಿ ಒಂದು ಮಾತು ಯಾರು ಆಡ್ತಾರೋ, ಅವರಿಗೆ."

"ಆಯ್ತು ಮಾರಾಯ್ತಿ," ಎಂದೆ. ದೇವರ ಎದುರು ಕೊಟ್ಟ ಮಾತು.

ಅಂದಿನಿಂದ ನಾನು ಟೀವಿಯ ಎದುರು ಕಿವಿಯಾಗಿ ಕೂತೆ. ಅದುವರೆಗೆ ರಾಜಕೀಯವೆಂದರೆ ನಮ್ಮ ಯಜಮಾನರ ಕೆಲಸ. ಮನೆಯಲ್ಲಿ ನಾವು ಆಡುವುದು ತುಳು, ಅವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಇದೆಂತ, ಹಾಲು ಉಕ್ಕಿ ಹೋದರೂ ಗೊತ್ತಾಗ್ತಿಲ್ಲ ನಿಂಗೆ," ಎಂದು ಒಲೆ ಆರಿಸಿ ಬಂದು ಪಕ್ಕದಲ್ಲಿ ಕೂರುವರು. ಅವರ ಒಲವು ನಾನು ನೆಚ್ಚಿದ ಕಡೆಗಲ್ಲ, ಎದುರು ಕಡೆಗೆ. "ನಿನ್ನದೂ ನನ್ನದೂ ಸೇರಿದರೆ ಸೊನ್ನೆ. ಇಬ್ಬರೂ ಮನೆಯಲ್ಲೇ ಕೂತು ಇಡ್ಲಿ ತಿಂದರೂ ಲೆಕ್ಕ ಅದೇ," ಎಂದು ನಗುವರು. ಮೂವತ್ತು ವರ್ಷದ ಸಂಸಾರದಲ್ಲಿ ಇದೊಂದು ವಿಷಯಕ್ಕೆ ನಾವು ಎರಡಾದೆವು. ಆದರೂ ಊಟಕ್ಕೆ ಒಟ್ಟಿಗೇ ಕೂರುತ್ತಿದ್ದೆವು. ಎಷ್ಟೋ ಮನೆಗಳಲ್ಲಿ ಅದೂ ನಿಂತುಹೋಗಿತ್ತು ಎಂದು ಕೇಳಿದ್ದೇನೆ.

ನಾನು ಕಂಡದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ಕ್ಷಮಿಸಿ. ಒಂದು ಕಡೆಯವರು ಹೊರಗಿನಿಂದ ಬಂದವರ ಬಗ್ಗೆ ಆಡಿದ ಮಾತು ನಾನು ಮನೆಯಲ್ಲಿ ಬಾಯಿ ಬಿಟ್ಟು ಹೇಳಲಾರದಂಥದ್ದು. ಅದಕ್ಕಿಂತ ನನಗೆ ನೋವಾದದ್ದು ಚಪ್ಪಾಳೆ ತಟ್ಟಿದವರ ಮುಖ ನೋಡಿ. ಗ್ರೋಸರಿ ಅಂಗಡಿಯಲ್ಲಿ ನನಗಾಗಿ ಬಾಗಿಲು ಹಿಡಿದು ನಿಲ್ಲುವವರ ಮುಖದ ಹಾಗೇ ಇದ್ದವು, ಒಳ್ಳೆಯ ಮುಖಗಳು. ಇನ್ನೊಂದು ಕಡೆಯವರು, ಎಂದರೆ ನಾನು ನೆಚ್ಚಿಕೊಂಡವರು, ಮೊದಮೊದಲು ಮೃದುವಾಗಿ ಮಾತಾಡುತ್ತಿದ್ದರು. ದಿನ ಹತ್ತಿರವಾದ ಹಾಗೆ ಅವರೂ ಗಡಿ, ಬೇಲಿ, ಕಟ್ಟುನಿಟ್ಟು ಎನ್ನತೊಡಗಿದರು. ಬೇಲಿ ಹಾರಿದವರ ಬಗ್ಗೆ ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಬಾಗಿಲಲ್ಲಿ ಚೀಟಿ ಹಿಡಿದು ನಿಂತೇ ಇದ್ದವರ ಬಗ್ಗೆ, ಆ ಸಾಲಿನಲ್ಲೇ ಬೆಳೆದು ದೊಡ್ಡವರಾದ ಮಕ್ಕಳ ಬಗ್ಗೆ ಒಂದು ವಾಕ್ಯ ಬರಲಿ ಎಂದು ನಾನು ಕಾದೆ. ಒಂದೇ ಒಂದು ವಾಕ್ಯ. ಬರಲಿಲ್ಲ. ಫೋನಿಗೆ ಮಾತ್ರ ದಿನಕ್ಕೆ ಹತ್ತು ಸಲ, ನನ್ನ ಹೆಸರು ಹಿಡಿದು, ದೇಶ ನಿಮ್ಮ ಕೈಯಲ್ಲಿದೆ ಎಂದು ಮೆಸೇಜು ಬರುತ್ತಿತ್ತು.

ಅದೂ ಸುಳ್ಳೇ. ಕ್ಯಾಲಿಫೋರ್ನಿಯಾದ ಓಟು ಯಾವ ಕಡೆಗೆಂದು ಎಲ್ಲರಿಗೂ ಮೊದಲೇ ಗೊತ್ತು. ತೀರ್ಮಾನವಾಗುವುದು ಎಲ್ಲೋ ದೂರದ ನಾಲ್ಕಾರು ರಾಜ್ಯಗಳಲ್ಲಿ. ಅದಕ್ಕೇ ನಮ್ಮ ಕಾಂಪ್ಲೆಕ್ಸಿನ ಕ್ಯಾರೊಲ್, ನಿವೃತ್ತಿಯಾದ ಟೀಚರು, ಒಂದು ಕೆಲಸ ಹಚ್ಚಿದಳು. ಅಂಥ ರಾಜ್ಯಗಳಲ್ಲೊಂದಾದ ಪೆನ್ಸಿಲ್ವೇನಿಯಾದ ಮನೆಗಳಿಗೆ ಕೈಯಾರೆ ಬರೆದ ಪೋಸ್ಟ್‌ಕಾರ್ಡು ಕಳಿಸುವುದು. ತಪ್ಪದೆ ಓಟು ಹಾಕಿ, ಇಂಥವರನ್ನು ನೆನಪಿಡಿ ಎಂದು ನಾಲ್ಕು ಸಾಲು. ಒಕ್ಕಣೆ ಅವಳೇ ಕೊಡುತ್ತಿದ್ದಳು. ನಮ್ಮದು ಅಕ್ಷರ ಮಾತ್ರ.

"ನಾನೂ ಬರೀಬಹುದೇನ್ರಿ? ನಂಗ ಓಟಿಲ್ಲ," ಎಂದು ಶೈಲಾ ಕೇಳಿದಳು. ಬರೆಯುವುದಕ್ಕೆ ಯಾವ ವೀಸಾವೂ ಬೇಡ ಎಂದಳು ಕ್ಯಾರೊಲ್.

ಒಂದು ವಾರ ನಾವಿಬ್ಬರೂ ನಮ್ಮ ಊಟದ ಮೇಜಿನ ಮೇಲೆ ಬರೆದೆವು. ಬೆಳಗಿನ ಅಡುಗೆ ಮುಗಿಸಿ ಕೂತರೆ ಮೂರು ಗಂಟೆಯವರೆಗೆ. ಶೈಲಾಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ನನ್ನದು ಕೋಳಿ ಕೆದರಿದ್ದು. "ಅಕ್ಕಾ, ನಿಮ್ಮ ಕಾರ್ಡ್ ಓದಿದವರು ಡಾಕ್ಟರ ಚೀಟಿ ಅಂತ ತಿಳಕೊಂಡು ಔಷಧದ ಅಂಗಡಿಗೆ ಹೋಗ್ತಾರ," ಎಂದು ಅವಳು ಕಾಡಿಸುವಳು. ಯಾರ ಹೆಸರಿಗೆ ಬರೆಯುತ್ತಿದ್ದೇವೋ ಅವರನ್ನು ಊಹಿಸುವುದು ನಮ್ಮ ಆಟ. ಈ ಮಾರ್ಗರೆಟ್ಟಮ್ಮನಿಗೆ ಸಕ್ಕರೆ ಕಾಯಿಲೆ, ಈ ಸ್ಟೀವನ್ನಪ್ಪ ಹೆಂಡತಿ ಜೊತೆ ಮಾತು ಬಿಟ್ಟಿದ್ದಾನೆ. ಇಬ್ಬರದೂ ಸೇರಿ ಇನ್ನೂರು ಕಾರ್ಡಾಯಿತು. ಅಷ್ಟು ಮನೆಗಳಲ್ಲಿ ನಾಲ್ಕು ಜನರ ಮನಸ್ಸು ಕರಗಿದರೂ ಸಹನಾಗೆ ಒಳ್ಳೆಯದಾಗುತ್ತದೆ ಎಂದು ನಾನು ನಂಬಿದ್ದೆ. ಹೇಗೆ ಎಂದು ಲೆಕ್ಕ ಹಾಕಿರಲಿಲ್ಲ. ಆದರೂ ನಂಬಿದ್ದೆ.

ಶನಿವಾರ ಕಾರ್ಡಿನ ಕಟ್ಟನ್ನು ಕ್ಯಾರೊಲ್‌ಗೆ ತೋರಿಸಲು ಹೋದೆ. ಅವಳು ಮೊದಲನೆಯದನ್ನು ತೆಗೆದು ನೋಡಿದಳು, ಎರಡನೆಯದನ್ನು ನೋಡಿದಳು, ಕನ್ನಡಕ ಬದಲಿಸಿ ಮೂರನೆಯದನ್ನು ನೋಡಿದಳು.

"ವಸಂತಿ, ಮೇಲುಗಡೆ ಇದೇನು? ಏನೋ ಚಿತ್ರ?"

ನನಗೆ ಆಗಲೇ ಗೊತ್ತಾದದ್ದು. ಇನ್ನೂರು ಕಾರ್ಡಿನ ನೆತ್ತಿಯ ಮೇಲೂ ನಡುಮಧ್ಯದಲ್ಲಿ ಶ್ರೀ ಎಂದು ಬರೆದಿತ್ತು. ಬರೆದದ್ದು ನೆನಪೇ ಇಲ್ಲ. ಅಂಗಡಿಗೆ ಸಾಮಾನಿನ ಪಟ್ಟಿ ಬರೆದರೂ ಮೊದಲು ಶ್ರೀ ಬರೆದೇ ಮುಂದಿನದು, ಹಾಗೆ ಅಭ್ಯಾಸ. ನಾನು ಬರೆದದ್ದನ್ನು ನೋಡಿ ಶೈಲಾಳೂ ಬರೆದಿದ್ದಳು.

ದೇವರ ಹೆಸರು, ಒಳ್ಳೆಯದಾಗಲಿ ಎಂದು ಬರೆಯುವುದು ಎಂದೆ. ಕ್ಯಾರೊಲ್ ಒಳ್ಳೆಯವಳು. ಎದೆಯ ಮೇಲೆ ಕೈಯಿಟ್ಟು, "ಎಷ್ಟು ಚಂದ," ಎಂದಳು. ಆಮೇಲೆ ಮೆಲ್ಲಗೆ ಹೇಳಿದಳು, "ಆದರೆ ಅಲ್ಲಿನ ಸಣ್ಣ ಊರುಗಳ ಜನಕ್ಕೆ ಈ ಲಿಪಿ ಗೊತ್ತಿಲ್ಲ. ಏನೋ ಎಂದು ಹೆದರಿ ಓದದೇ ಎಸೆದುಬಿಟ್ಟರೆ? ಸೋಮವಾರ ಟಪಾಲಿಗೆ ಹಾಕಲೇಬೇಕು. ಮತ್ತೆ ಬರೆಯಲು ಸಮಯ ಇಲ್ಲ." ಡ್ರಾಯರಿನಿಂದ ಒಂದು ಸುರುಳಿ ಸ್ಟಿಕ್ಕರು ತೆಗೆದು ಕೊಟ್ಟಳು. ಈ ದೇಶದ ಬಾವುಟದ ಪುಟ್ಟ ಪುಟ್ಟ ಸ್ಟಿಕ್ಕರು. ಶ್ರೀ ಮುಚ್ಚುವಷ್ಟೇ ದೊಡ್ಡದು.

ಭಾನುವಾರ ಸ್ನಾನ, ಪೂಜೆ ಮುಗಿಸಿ ಕೂತೆ. ಒಂದೊಂದು ಸ್ಟಿಕ್ಕರು ಅಂಟಿಸುವಾಗಲೂ ತಪ್ಪಾಯ್ತು ಎಂದು ಕೆನ್ನೆಗೆ ಬಡಿದುಕೊಂಡೆ. ಐವತ್ತು ಕಾರ್ಡು ಆಗುವಷ್ಟರಲ್ಲಿ ಬಡಿದುಕೊಳ್ಳುವುದು ಮರೆತಿತ್ತು. ಅಂಟಿಸುವುದೊಂದೇ ನಡೆದಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಗ ಶೈಲಾ ಬಂದಳು. ಅವಳು ನಮ್ಮ ಮನೆಗೆ ಬಾಗಿಲು ತಟ್ಟಿ ಬಂದವಳಲ್ಲ. ಕೈಯಲ್ಲಿ ಏನೋ ಕಾಗದ ಇತ್ತು. ಏನೆಂದು ನಾನು ಕೇಳಲಿಲ್ಲ.

"ಏನ್ ಮಾಡ್ಲಿಕ್ಕೆ ಹತ್ತೀರಿ ಅಕ್ಕಾ?"

ಹೇಳಿದೆ. ಅವಳು ತನ್ನ ಅಕ್ಷರದ ಕಾರ್ಡೊಂದನ್ನು ಎತ್ತಿ, ಸ್ಟಿಕ್ಕರಿನ ಮೇಲೆ ಬೆರಳಾಡಿಸಿದಳು.

"ನಾವು ಬರದ ಎರಡು ಗೆರಿ ನೋಡಿ ಅಂಜೋ ಮಂದಿ, ನನ್ನ ಮಗಳನ್ನ ಇಟ್ಕೋತಾರೇನ್ರಿ?"

"ಹಾಗಲ್ಲ ಶೈಲಾ. ಅವರಿಗೆ ಗೊತ್ತಾಗುವುದಿಲ್ಲ, ಅಷ್ಟೆ."

"ದೇವರ ಹೆಸರು ಮುಚ್ಚಿ ದೇವರ ಹತ್ರ ಏನ್ ಬೇಡ್ತೀರಿ ನೀವು? ಬ್ಯಾಡ್ರಿ. ನನ್ನ ಕಾರ್ಡ್ ನಂಗ ಕೊಡ್ರಿ."

ನನಗೆ ಸಿಟ್ಟು ಬಂತು. ನನ್ನ ಪಾಪದ ಮೇಲೆ ಅವಳು ಬೆರಳಿಟ್ಟಳು, ಅದಕ್ಕೇ ಬಂತು. ಯಾರಿಗಾಗಿ ಈ ಪಾಪ ಮಾಡುತ್ತಿದ್ದೇನೆ ಎಂದು ಇವಳಿಗೆ ತಿಳಿಯಬಾರದೇ ಎನ್ನಿಸಿತು. ಬಾಯಿಗೆ ಬಂದದ್ದನ್ನು ಆಡಿದೆ.

"ಓಟು ಇರುವುದು ನಂಗೆ. ಹೇಗೆ ಮಾಡಬೇಕು ಅಂತ ನಂಗೆ ಗೊತ್ತುಂಟು. ನೀನು ಸುಮ್ಮನಿರು."

ಹದಿನಾರು ವರ್ಷದಲ್ಲಿ ನಾವು ಉಪ್ಪು, ಹುಳಿ, ಮೊಸರಿಗೆ ಹೆಪ್ಪು, ಎಲ್ಲ ಕೊಟ್ಟು ತೆಗೆದುಕೊಂಡಿದ್ದೆವು. ಇರುವವಳು ನಾನು, ಇಲ್ಲದವಳು ನೀನು ಎಂಬ ಮಾತು ಎಂದೂ ಬಂದಿರಲಿಲ್ಲ. ಶೈಲಾ ಕಾರ್ಡನ್ನು ಮೇಜಿನ ಮೇಲಿಟ್ಟಳು. ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿದಳು. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದಳು.

ಸೋಮವಾರ ಇನ್ನೂರು ಕಾರ್ಡೂ ಟಪಾಲಿಗೆ ಹೋದವು.

ಆಮೇಲಿನ ಹತ್ತು ದಿನ ನಾನು ಉಸಿರಾಡಿದೆ ಎಂದಷ್ಟೇ ಹೇಳಬಹುದು. ಎದುರು ಮನೆಯ ಒಗ್ಗರಣೆಯ ವಾಸನೆ ಬರುತ್ತಿತ್ತು, ಅವಳು ಬರುತ್ತಿರಲಿಲ್ಲ. ನಾನು ಹೋಗಬೇಕಿತ್ತು. ಬಾಗಿಲವರೆಗೆ ಹೋಗುವೆ, ಹಿಂದೆ ಬರುವೆ. ಟೀವಿಯಲ್ಲಿ ಅದೇ ಮುಖಗಳು, ಅದೇ ಗಡಿ. ಈಗ ಮಾತ್ರ ಆ ಮಾತುಗಳು ನನಗೆ ಬೇರೆ ಥರ ಕೇಳಿಸುತ್ತಿದ್ದವು. ಒಳಗಿನವರು, ಹೊರಗಿನವರು, ಹಕ್ಕಿದ್ದವರು ನಾವು, ನೀವು ಸುಮ್ಮನಿರಿ. ಅದನ್ನು ನಾನೂ ಆಡಿದ್ದೆ, ನನ್ನ ಊಟದ ಮೇಜಿನ ಮುಂದೆ. ಚಪ್ಪಾಳೆ ತಟ್ಟಿದವರ ಮುಖ ಒಳ್ಳೆಯದಾಗಿಯೇ ಇರುತ್ತದೆ, ನನ್ನ ಮುಖದ ಹಾಗೆ.

ದೀಪಾವಳಿಯ ಬೆಳಿಗ್ಗೆ ಸಹನಾ ಬಂದಳು. ಮೊಸರಿನ ಖಾಲಿ ಡಬ್ಬದ ತುಂಬ ಶಂಕರಪಾಳಿ. "ಆಂಟಿ, ಯು ಗೈಸ್ ಆರ್ ಬೀಯಿಂಗ್ ಸೋ ಡ್ರಮ್ಯಾಟಿಕ್," ಎಂದು ನನ್ನನ್ನು ಅಪ್ಪಿಕೊಂಡಳು. ಕಾರ್ಡಿನ ವಿಷಯ ಅವಳಿಗೆ ಗೊತ್ತಿತ್ತು. ಸ್ಟಿಕ್ಕರು ಅಂಟಿಸಿದ್ದಕ್ಕೆ ಬೇಜಾರಾಯಿತೇ ಎಂದು ಕೇಳಿದೆ. ಅವಳು ಭುಜ ಕುಣಿಸಿ ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: ಶಾಲೆಯಲ್ಲಿ ನಾನು ದಿನಾ ಅದನ್ನೇ ಮಾಡುತ್ತಿದ್ದೆ ಆಂಟಿ, ನೀವು ಕಟ್ಟಿದ ಊಟ ಯಾರಿಗೂ ಕಾಣದ ಹಾಗೆ ಡಬ್ಬಿಯ ಮುಚ್ಚಳ ಅರ್ಧವೇ ತೆರೆದು ತಿನ್ನುತ್ತಿದ್ದೆ. ನಗುತ್ತಲೇ ಹೇಳಿದಳು. ನಾನು ಕೈಯಲ್ಲಿದ್ದ ಶಂಕರಪಾಳಿಯನ್ನು ಡಬ್ಬಕ್ಕೇ ಹಾಕಿದೆ.

ಓಟಿನ ಲಕೋಟೆ ಇನ್ನೂ ದೇವರ ಕೋಣೆಯಲ್ಲೇ ಇತ್ತು. ಆವತ್ತೇ ಅದನ್ನು ತೆಗೆದುಕೊಂಡು, ಎದುರು ಬಾಗಿಲು ತಟ್ಟಿದೆ. "ನಿನ್ನ ಓಟೂ ಇದರಲ್ಲುಂಟು. ನೀನು ಬಾರದೆ ಹಾಕುವುದಿಲ್ಲ," ಎಂದೆ. ಶೈಲಾ ಚಪ್ಪಲಿ ಮೆಟ್ಟಿದಳು. ಕಾರಿನಲ್ಲಿ ಲೈಬ್ರರಿಗೆ ಹೋದೆವು. ಪೆಟ್ಟಿಗೆಯ ಎದುರು ಲಕೋಟೆಯನ್ನು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ನನಗೇ ಮರಳಿಸಿದಳು.

"ನೀವ ಹಾಕ್ರಿ. ಯಾರರ ನೋಡಿದ್ರ ನಿಮಗ ತೊಂದರೆ ಆದೀತು."

"ತಪ್ಪಾಯ್ತು ಶೈಲಾ," ಎಂದೆ.

"ಹಾಕ್ರಿ ಮೊದಲ. ಹಿಂದ ಮಂದಿ ನಿಂತಾರ," ಎಂದಳು. ಆದರೆ ಕಾರಿಗೆ ಬರುವಾಗ ನನ್ನ ಕೈ ಹಿಡಿದುಕೊಂಡೇ ಬಂದಳು. ಅಷ್ಟನ್ನು ದೇವರು ಉಳಿಸಿಕೊಟ್ಟ.

ಫಲಿತಾಂಶ ಬಂದ ಬೆಳಿಗ್ಗೆ ನಾನು ನೆಚ್ಚಿದವರು ಸೋತಿದ್ದರು. ಪೆನ್ಸಿಲ್ವೇನಿಯಾವೂ ಹೋಗಿತ್ತು. ನಮ್ಮ ಯಜಮಾನರು ಗೆದ್ದ ಕಡೆಯವರು. ಆದರೂ ಟೀವಿ ಆರಿಸಿ, ತಾವೇ ಕಾಫಿ ಮಾಡಿ ಲೋಟವನ್ನು ನನ್ನ ಕೈಗೆ ಕೊಟ್ಟು ಆಫೀಸಿಗೆ ಹೋದರು. ಸ್ವಲ್ಪ ಹೊತ್ತಿಗೆ ಶೈಲಾ ಹಚ್ಚಿದ ಅವಲಕ್ಕಿ ತಂದಳು. ನಾನು ಅಳುತ್ತಿದ್ದೆ. ಸಹನಾ ಗತಿ ಏನು ಎಂದು ಅವಳನ್ನೇ ಕೇಳಿದೆ. ಅವಳು ನನಗೆ ಸಮಾಧಾನ ಮಾಡುತ್ತಿದ್ದಳು, ನೋಡಿ ನನ್ನ ಬುದ್ಧಿ.

"ಯಾರು ಗೆದ್ದಿದ್ರೂ ನಮ್ಮದು ಇಷ್ಟ ಇತ್ತು ಅಕ್ಕಾ," ಎಂದಳು. "ನಾವು ಕೆನಡಾದ ಟೊರಾಂಟೊಕ್ಕ ಹೊಂಟೇವಿ. ಇವರಿಗೆ ಅಲ್ಲೇ ಕೆಲಸ ಸಿಕ್ಕದ. ಆಕಿನೂ ಕಾಲೇಜು ಬಿಡ್ತಾಳ, ಅಲ್ಲೇ ಹೊಸದಾಗಿ ಶುರು ಮಾಡ್ತಾಳ."

"ಯಾವಾಗ ಗೊತ್ತಾಯ್ತು?"

ಅವಳು ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು. "ನೀವು ಸ್ಟಿಕ್ಕರ್ ಹಚ್ಚಲಿಕ್ಕೆ ಹತ್ತಿದ್ರಲ್ಲ, ಆವತ್ತ ಮುಂಜಾನೆ ಈ ಕೆಲಸದ ಕಾಗದ ಈಮೇಲಿನಾಗ ಬಂದಿತ್ತು. ಪ್ರಿಂಟ್ ತಗದು ನಿಮಗ ತೋರಸ್ಲಿಕ್ಕೆ ತಂದಿದ್ದೆ."

ಅವಳ ಜೀವನದ ಅತ್ಯಂತ ಕೆಟ್ಟ ಸುದ್ದಿಯನ್ನು ಹೇಳಿಕೊಳ್ಳಲು ಅವಳಿಗೆ ಇದ್ದದ್ದು ಒಂದೇ ಮನೆ. ಆ ಮನೆಗೆ ಬಂದವಳಿಗೆ ನಾನು ಹಾಗೆ ಹೇಳಿದ್ದೆ. ಅವಲಕ್ಕಿ ತಿನ್ರಿ ಎಂದಳು, ತಿಂದೆ.

ಅದಾದ ಎರಡು ತಿಂಗಳು ಪೆಟ್ಟಿಗೆ ಕಟ್ಟುವುದರಲ್ಲೇ ಹೋಯಿತು. ಕೊನೆಯವರೆಗೂ ವಿದ್ಯಾರ್ಥಿ ವೀಸಾದ ಉತ್ತರ ಬರಲಿಲ್ಲ. ಅವರು ಹೊರಡುವುದು ತಾರೀಖಿನ ಹುಟ್ಟುಹಬ್ಬಕ್ಕೆ ನಾಲ್ಕು ದಿನ ಮೊದಲೆಂದು ಗೊತ್ತಾಯಿತು. ನಾವು ಪ್ರತಿ ವರ್ಷ ಸಹನಾಳ ಹುಟ್ಟುಹಬ್ಬ ಮಾಡುತ್ತಿದ್ದದ್ದು ನಕ್ಷತ್ರ ನೋಡಿ. ಪಂಚಾಂಗ ತೆರೆದೆ. ಆ ವರ್ಷ ನಕ್ಷತ್ರ ತಾರೀಖಿಗಿಂತ ಎಂಟು ದಿನ ಮೊದಲೇ ಬಂದಿತ್ತು. ಹೀಗಾಗಿ ನಮ್ಮ ಮನೆಯಲ್ಲೇ ಆಯಿತು. ಸರ್ಕಾರಕ್ಕೆ ಅವಳು ಇನ್ನೂ ಎಂಟು ದಿನ ಮಗು, ನಮ್ಮ ಲೆಕ್ಕಕ್ಕೆ ಆವತ್ತೇ ಇಪ್ಪತ್ತೊಂದು.

ಬೆಳಿಗ್ಗೆ ಎಣ್ಣೆ ಹಚ್ಚಿ ಎರೆದೆ. ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡಿದೆ. ಮಣೆಯ ಮೇಲೆ ಕೂತು ಅವಳು ತಲೆ ಬಗ್ಗಿಸಿದಳು. ಒದ್ದೆ ಕೂದಲಿನಿಂದ ಮಣೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಆರತಿ ಎತ್ತಿದೆ. ಅಕ್ಷತೆ ಕೈಗೆ ತೆಗೆದುಕೊಂಡೆ. ದೊಡ್ಡವಳಾಗು, ನೂರು ವರ್ಷ ಬಾಳು ಎಂದು ಪ್ರತಿ ವರ್ಷ ಹೇಳುವ ಮಾತನ್ನು ಹೇಳದೆ, ಅಕ್ಷತೆಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ.

ಆ ವರ್ಷವಿಡೀ ಬೆಳಿಗ್ಗೆ ಸಂಜೆ ದೀಪ ಹಚ್ಚಿ ನಾನು ಬೇಡಿದ್ದು ಬೇರೆಯೇ ಆಗಿತ್ತು. ಈ ಹುಡುಗಿಗೆ ವಯಸ್ಸಾಗದಿರಲಿ, ಈ ದಿನ ಬಾರದಿರಲಿ ಎಂದು ಬೇಡಿದ್ದೆ. ಒಂದು ಮಗು ಬೆಳೆಯುವುದು ಬೇಡ ಎಂದು ಯಾವ ಹೆಂಗಸಾದರೂ ದೇವರಲ್ಲಿ ಕೇಳಿಯಾಳೇ? ನಾನು ಕೇಳಿದ್ದೆ.

ಸಹನಾ ತಲೆ ಬಗ್ಗಿಸಿಯೇ ಕಾಯುತ್ತಿದ್ದಳು. ಶೈಲಾ ಹಿಂದಿನಿಂದ ಬಂದು ನನ್ನ ಮೊಣಕೈ ಹಿಡಿದಳು.

"ಅನ್ರಿ ಅಕ್ಕಾ. ದೊಡ್ಡಾಕಿ ಆಗು ಅನ್ರಿ. ನೀವ ಅನಬೇಕು."

ಅಂದೆ.